ಸಾರ್ಕಾಯ್ಡೋಸಿಸ್: ಚಿಕಿತ್ಸೆ ಮತ್ತು ದೀರ್ಘಕಾಲದ ಅನುಸರಣೆ

ಸಾರ್ಕಾಯ್ಡೋಸಿಸ್ ಎಂಬುದು ದೇಹದ ಒಂದು ಅಥವಾ ಹಲವು ಅಂಗಗಳಲ್ಲಿ ಗ್ರಾನ್ಯುಲೋಮಗಳೆಂಬ ಸೂಕ್ಷ್ಮ ಉರಿಯೂತದ ಗಂಟುಗಳು ಮೂಡುವ ಕಾಯಿಲೆ. ಇದರ ಮೂಲ ಕಾರಣ ಇಂದಿಗೂ ಖಚಿತವಾಗಿಲ್ಲ. ಬಹುತೇಕ ರೋಗಿಗಳಲ್ಲಿ ಶ್ವಾಸಕೋಶ ಹಾಗೂ ಎದೆಗೂಡಿನೊಳಗಿನ ದುಗ್ಧಗ್ರಂಥಿಗಳು ಬಾಧಿತವಾಗುತ್ತವೆ. ಚರ್ಮ, ಕಣ್ಣು, ಯಕೃತ್ತು, ಗುಲ್ಮ, ಹೃದಯ, ಮೂತ್ರಪಿಂಡ ಮತ್ತು ನರಮಂಡಲಗಳಿಗೂ ರೋಗ ಹರಡಬಹುದು. ಇದು ಸೋಂಕು ರೋಗವಲ್ಲ, ಒಬ್ಬರಿಂದ ಮತ್ತೊಬ್ಬರಿಗೆ ಅಂಟುವುದಿಲ್ಲ. ಕ್ಯಾನ್ಸರ್ ಕೂಡ ಅಲ್ಲ.

ಈ ಕಾಯಿಲೆಯ ಚಿಕಿತ್ಸೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ ಯಾವ ಔಷಧ ಕೊಡಬೇಕು ಎಂಬುದಲ್ಲ, ಔಷಧ ಕೊಡಬೇಕೇ ಎಂಬುದು. ಗಣನೀಯ ಸಂಖ್ಯೆಯ ರೋಗಿಗಳಲ್ಲಿ ಕಾಯಿಲೆ ತಾನಾಗಿಯೇ ಶಮನಗೊಳ್ಳುತ್ತದೆ. ಮತ್ತೆ ಕೆಲವರಲ್ಲಿ ಅದು ಸದ್ದಿಲ್ಲದೆ ಮುಂದುವರಿದು ಶ್ವಾಸಕೋಶದಲ್ಲಿ ಮಾಯದ ಕಲೆಗಳನ್ನು ಉಳಿಸುತ್ತದೆ ಅಥವಾ ಹೃದಯದ ವಿದ್ಯುತ್ ವ್ಯವಸ್ಥೆಯನ್ನು ಕೆಡಿಸುತ್ತದೆ. ಯಾರು ಯಾವ ಗುಂಪಿಗೆ ಸೇರುತ್ತಾರೆ ಎಂಬುದು ಮೊದಲ ಭೇಟಿಯಲ್ಲೇ ತಿಳಿಯುವುದಿಲ್ಲ. ಆದುದರಿಂದ ವರ್ಷಗಟ್ಟಲೆ ನಡೆಯುವ ಅನುಸರಣೆಯನ್ನು ಚಿಕಿತ್ಸೆಗೆ ಜೋಡಿಸಿದ ಅನುಬಂಧವೆಂದು ನೋಡಲಾಗದು. ಔಷಧ ಪಡೆಯದ ರೋಗಿಗೆ ಅದೇ ಚಿಕಿತ್ಸೆ.

ಹಿನ್ನೆಲೆ

ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ 1877ರಲ್ಲಿ ಈ ಕಾಯಿಲೆಯ ಚರ್ಮದ ಲಕ್ಷಣಗಳನ್ನು ಮೊದಲು ದಾಖಲಿಸಿದರು. 1889ರಲ್ಲಿ ಪ್ಯಾರಿಸ್ಸಿನ ಅರ್ನೆಸ್ಟ್ ಬೆನಿಯೆ ಮೂಗು ಮತ್ತು ಕೆನ್ನೆಗಳ ಮೇಲೆ ನೇರಳೆ ಬಣ್ಣದ ಊತ ಮೂಡುವ ರೂಪವನ್ನು ವಿವರಿಸಿ ಲೂಪಸ್ ಪರ್ನಿಯೋ ಎಂದು ಕರೆದರು. ನಾರ್ವೆಯ ಚರ್ಮವೈದ್ಯ ಸೀಸರ್ ಬೋಕ್ 1899ರಲ್ಲಿ ಬಳಸಿದ 'ಸಾರ್ಕಾಯ್ಡ್' ಎಂಬ ಪದದಿಂದ ಇಂದಿನ ಹೆಸರು ಬಂದಿದೆ. ಗ್ರೀಕ್ ಭಾಷೆಯ ಮಾಂಸ ಎಂಬರ್ಥದ ಪದ ಇದರ ಮೂಲ. ಚರ್ಮ, ಶ್ವಾಸಕೋಶ ಮತ್ತು ಗ್ರಂಥಿಗಳಲ್ಲಿ ಕಾಣುವುದು ಒಂದೇ ಕಾಯಿಲೆಯ ಬೇರೆ ಬೇರೆ ಮುಖಗಳೆಂದು ಸ್ವೀಡನ್ನಿನ ಯೋರ್ಗೆನ್ ಶೌಮಾನ್ ಪ್ರತಿಪಾದಿಸಿದರು.

ಚಿಕಿತ್ಸೆಯ ಇತಿಹಾಸ ಇದಕ್ಕಿಂತ ಬಹಳ ಈಚಿನದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಂಧಿವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ನೀಡಲಾಯಿತು. 1950ರ ದಶಕದ ಆರಂಭದಲ್ಲೇ ಅದನ್ನು ಸಾರ್ಕಾಯ್ಡೋಸಿಸ್‌ಗೂ ಬಳಸತೊಡಗಿದರು. ಅಂದಿನಿಂದ ಸ್ಟೀರಾಯ್ಡ್ ವರ್ಗದ ಔಷಧಗಳೇ ಮೊದಲ ಸಾಲಿನಲ್ಲಿವೆ. ಲಂಡನ್ನಿನ ಜೆ. ಜಿ. ಸ್ಕ್ಯಾಡಿಂಗ್ 1961ರಲ್ಲಿ 136 ರೋಗಿಗಳನ್ನು ಐದು ವರ್ಷ ಗಮನಿಸಿ ಬರೆದ ಲೇಖನವು ಎದೆಯ ಕ್ಷ-ಕಿರಣ ಚಿತ್ರವನ್ನು ಆಧರಿಸಿದ ಹಂತಗಳ ವಿಂಗಡಣೆಗೆ ದಾರಿ ಮಾಡಿತು. ಈ ಕಾಯಿಲೆಯ ಬಗ್ಗೆ ಇಂದಿಗೂ ಬಳಕೆಯಲ್ಲಿರುವ ತಿಳಿವಳಿಕೆಯ ಒಂದು ಪಾಲು ಹೀಗೆ ರೋಗಿಗಳನ್ನು ತಾಳ್ಮೆಯಿಂದ ಹಿಂಬಾಲಿಸಿದ್ದರಿಂದಲೇ ಬಂದುದು.

ಚಿಕಿತ್ಸೆಗೆ ಮುನ್ನ: ಕ್ಷಯರೋಗದ ಪ್ರಶ್ನೆ

ಭಾರತದಲ್ಲಿ ಸಾರ್ಕಾಯ್ಡೋಸಿಸ್‌ನ ಚಿಕಿತ್ಸೆ ಕ್ಷಯರೋಗದ ನೆರಳಿನಲ್ಲಿಯೇ ಆರಂಭವಾಗುತ್ತದೆ. ಎರಡರಲ್ಲೂ ಕೆಮ್ಮು, ಜ್ವರ, ತೂಕ ಇಳಿಕೆ, ಎದೆಯೊಳಗಿನ ಗ್ರಂಥಿಗಳ ಊತ ಕಾಣಿಸಬಹುದು. ಎರಡರಲ್ಲೂ ಅಂಗಾಂಶ ಪರೀಕ್ಷೆಯಲ್ಲಿ ಗ್ರಾನ್ಯುಲೋಮಗಳು ಇರುತ್ತವೆ. ಕ್ಷಯದ ಗ್ರಾನ್ಯುಲೋಮದ ನಡುಭಾಗ ಸಾಮಾನ್ಯವಾಗಿ ಗಿಣ್ಣಿನಂತೆ ಕೊಳೆತಿರುತ್ತದೆ, ಸಾರ್ಕಾಯ್ಡೋಸಿಸ್‌ನದು ಹಾಗಿರುವುದಿಲ್ಲ. ಆದರೆ ಈ ವ್ಯತ್ಯಾಸ ಎಲ್ಲ ಸಂದರ್ಭಗಳಲ್ಲೂ ಸ್ಪಷ್ಟವಾಗಿರುವುದಿಲ್ಲ. ಕ್ಷಯದ ಔಷಧಗಳನ್ನು ತಿಂಗಳುಗಟ್ಟಲೆ ಸೇವಿಸಿದ ಮೇಲೂ ಗುಣ ಕಾಣದೆ, ಆಮೇಲೆ ಸಾರ್ಕಾಯ್ಡೋಸಿಸ್ ಎಂದು ತಿಳಿಯುವ ರೋಗಿಗಳು ನಮ್ಮಲ್ಲಿ ಅಪರೂಪವಲ್ಲ.

ತಪ್ಪು ಎರಡು ದಿಕ್ಕಿನಲ್ಲೂ ದುಬಾರಿ. ಸಾರ್ಕಾಯ್ಡೋಸಿಸ್ ಇರುವವರಿಗೆ ಕ್ಷಯದ ಔಷಧ ಕೊಟ್ಟರೆ ಸಮಯ ವ್ಯರ್ಥವಾಗುವುದಲ್ಲದೆ ಯಕೃತ್ತಿಗೆ ಹಾನಿಯಾಗುವ ಸಂಭವವಿದೆ. ಕ್ಷಯ ಇರುವವರಿಗೆ ಸಾರ್ಕಾಯ್ಡೋಸಿಸ್ ಎಂದು ಭಾವಿಸಿ ಸ್ಟೀರಾಯ್ಡ್ ಕೊಟ್ಟರೆ ಸೋಂಕು ದೇಹವೆಲ್ಲ ಹರಡಬಹುದು. ಎರಡನೆಯ ತಪ್ಪು ಹೆಚ್ಚು ಅಪಾಯಕಾರಿ. ಸ್ಟೀರಾಯ್ಡ್ ಬಿದ್ದ ಮೊದಲ ವಾರಗಳಲ್ಲಿ ಕ್ಷಯದ ರೋಗಿಗೂ ಜ್ವರ ಇಳಿದು ಹಸಿವು ಮರಳುವುದರಿಂದ, ಔಷಧ ಫಲಿಸುತ್ತಿದೆ ಎಂಬ ಭ್ರಮೆಯೂ ಉಂಟಾಗುತ್ತದೆ.

ಈ ಕಾರಣದಿಂದ ಸಾಧ್ಯವಿರುವೆಡೆಯಲ್ಲೆಲ್ಲ ಅಂಗಾಂಶದ ಮಾದರಿಯನ್ನು ಪಡೆಯಲಾಗುತ್ತದೆ. ಶ್ವಾಸನಾಳದೊಳಗೆ ಅಲ್ಟ್ರಾಸೌಂಡ್ ಇರುವ ಬ್ರಾಂಕೋಸ್ಕೋಪ್ ಇಳಿಸಿ ಎದೆಯೊಳಗಿನ ಗ್ರಂಥಿಗಳಿಂದ ಸೂಜಿಯ ಮೂಲಕ ಮಾದರಿ ತೆಗೆಯುವ ವಿಧಾನ ಈಗ ದೊಡ್ಡ ನಗರಗಳ ಹಲವು ಆಸ್ಪತ್ರೆಗಳಲ್ಲಿ ಲಭ್ಯವಿದೆ. ಅದೇ ಮಾದರಿಯನ್ನು ಕ್ಷಯಾಣುವಿನ ಕೃಷಿ ಹಾಗೂ ಜೀನ್‌ಎಕ್ಸ್‌ಪರ್ಟ್‌ನಂಥ ಆಣ್ವಿಕ ಪರೀಕ್ಷೆಗೂ ಕಳುಹಿಸಲಾಗುತ್ತದೆ. ಮ್ಯಾಂಟೂ ಚರ್ಮಪರೀಕ್ಷೆಯ ಫಲಿತಾಂಶಕ್ಕೂ ಇಲ್ಲಿ ಅರ್ಥವಿದೆ. ಸಾರ್ಕಾಯ್ಡೋಸಿಸ್‌ನಲ್ಲಿ ಈ ಪರೀಕ್ಷೆಗೆ ಚರ್ಮ ಸ್ಪಂದಿಸದಿರುವುದೇ ಸಾಮಾನ್ಯ. ಭಾರತದಂಥ ದೇಶದಲ್ಲಿ ವಯಸ್ಕರೊಬ್ಬರಿಗೆ ಅದು ಬಲವಾಗಿ ಉಬ್ಬಿದರೆ ವೈದ್ಯರು ಕ್ಷಯದ ಸಾಧ್ಯತೆಯನ್ನು ಮತ್ತೊಮ್ಮೆ ತೂಗಿ ನೋಡುತ್ತಾರೆ.

ಚಿಕಿತ್ಸೆ ಯಾರಿಗೆ ಬೇಕು

ಎದೆಯ ಕ್ಷ-ಕಿರಣ ಚಿತ್ರದ ಪ್ರಕಾರ ಗ್ರಂಥಿಗಳು ಮಾತ್ರ ಊದಿಕೊಂಡಿದ್ದರೆ ಮೊದಲ ಹಂತ, ಗ್ರಂಥಿಗಳ ಜೊತೆ ಶ್ವಾಸಕೋಶದಲ್ಲೂ ಗುರುತುಗಳಿದ್ದರೆ ಎರಡನೆಯದು, ಶ್ವಾಸಕೋಶದಲ್ಲಿ ಮಾತ್ರ ಇದ್ದರೆ ಮೂರನೆಯದು, ಶ್ವಾಸಕೋಶ ಕುಗ್ಗಿ ಗಡಸಾಗಿದ್ದರೆ ನಾಲ್ಕನೆಯದು. ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ವೈದ್ಯರ ಸಂಘಗಳು 1999ರಲ್ಲಿ ಜಂಟಿಯಾಗಿ ಪ್ರಕಟಿಸಿದ ಹೇಳಿಕೆಯ ಪ್ರಕಾರ ಔಷಧವಿಲ್ಲದೆಯೇ ಶಮನವಾಗುವ ಪ್ರಮಾಣ ಮೊದಲ ಹಂತದಲ್ಲಿ ಶೇ. 55ರಿಂದ 90, ಎರಡನೆಯದರಲ್ಲಿ ಶೇ. 40ರಿಂದ 70, ಮೂರನೆಯದರಲ್ಲಿ ಶೇ. 10ರಿಂದ 20. ನಾಲ್ಕನೆಯ ಹಂತದಲ್ಲಿ ಅದು ಸಂಭವಿಸುವುದಿಲ್ಲ. 'ಹಂತ' ಎಂಬ ಪದ ಇಲ್ಲಿ ತುಸು ದಾರಿ ತಪ್ಪಿಸುವಂಥದು. ಕ್ಯಾನ್ಸರಿನಲ್ಲಿರುವಂತೆ ರೋಗಿ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಕ್ರಮವಾಗಿ ಸಾಗುತ್ತಾನೆಂದು ಇದರ ಅರ್ಥವಲ್ಲ.

ಸ್ವೀಡನ್ನಿನ ಸ್ವೆನ್ ಲೋಫ್‌ಗ್ರೆನ್ ಅವರ ಹೆಸರಿನಿಂದ ಕರೆಯಲಾಗುವ ರೂಪವೊಂದಿದೆ. ಅದರಲ್ಲಿ ಹಠಾತ್ ಜ್ವರ, ಕಣಕಾಲಿನ ಕೀಲುಗಳ ನೋವು, ಮೊಣಕಾಲ ಕೆಳಗೆ ಕೆಂಪಾದ ನೋವಿನ ಗಂಟುಗಳು ಮತ್ತು ಎದೆಯ ಎರಡೂ ಬದಿಯ ಗ್ರಂಥಿಗಳ ಊತ ಒಟ್ಟಿಗೆ ಕಾಣಿಸುತ್ತವೆ. ರೋಗಿಗೆ ತುಂಬ ಕಷ್ಟವೆನಿಸಿದರೂ ಇದರ ಭವಿಷ್ಯ ಅತ್ಯುತ್ತಮ. ಹೆಚ್ಚಿನವರಿಗೆ ನೋವು ಮತ್ತು ಉರಿಯೂತ ತಗ್ಗಿಸುವ ಸಾಮಾನ್ಯ ಮಾತ್ರೆಗಳು ಸಾಕು. ಸದ್ದುಮಾಡಿ ಬರುವ ಕಾಯಿಲೆ ಬೇಗ ಹೋಗುತ್ತದೆ, ಸದ್ದಿಲ್ಲದೆ ಬರುವುದು ಬಹುಕಾಲ ನಿಲ್ಲುತ್ತದೆ ಎಂಬುದು ಸಾರ್ಕಾಯ್ಡೋಸಿಸ್‌ನ ಮಟ್ಟಿಗೆ ಬಹುಪಾಲು ನಿಜ.

ಇಂದಿನ ಮಾರ್ಗಸೂಚಿಗಳು ಔಷಧ ಆರಂಭಿಸಲು ಎರಡು ಕಾರಣಗಳನ್ನು ಒಪ್ಪುತ್ತವೆ. ಒಂದು, ಅಂಗವೊಂದು ಶಾಶ್ವತವಾಗಿ ಹಾಳಾಗುವ ಅಥವಾ ಪ್ರಾಣಕ್ಕೆ ಎರವಾಗುವ ಅಪಾಯ. ಮತ್ತೊಂದು, ರೋಗಿಯ ದಿನನಿತ್ಯದ ಬದುಕನ್ನು ಹದಗೆಡಿಸುವಷ್ಟು ತೊಂದರೆ. ಹೃದಯ, ಮಿದುಳು, ಕಣ್ಣಿನ ಹಿಂಭಾಗ, ಮೂತ್ರಪಿಂಡ ಬಾಧಿತವಾದಾಗ, ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಿದಾಗ, ಶ್ವಾಸಕೋಶದ ಸಾಮರ್ಥ್ಯ ಸತತವಾಗಿ ಕುಸಿಯುತ್ತಿರುವಾಗ ಕಾಯುವಂತಿಲ್ಲ. ಯಾವ ತೊಂದರೆಯೂ ಇಲ್ಲದ ರೋಗಿಯ ಕ್ಷ-ಕಿರಣ ಚಿತ್ರವನ್ನು 'ಶುದ್ಧ' ಮಾಡುವುದಕ್ಕಾಗಿ ಸ್ಟೀರಾಯ್ಡ್ ಕೊಡುವುದು ಸರಿಯಲ್ಲ. ಹೀಗಿದ್ದರೂ ಚಿತ್ರದಲ್ಲಿ ಗಂಟುಗಳು ಕಾಣುತ್ತಿರುವಾಗ 'ಈಗ ಏನೂ ಬೇಡ, ಮೂರು ತಿಂಗಳ ಬಳಿಕ ಬನ್ನಿ' ಎಂಬ ಮಾತನ್ನು ರೋಗಿ ಮತ್ತು ಮನೆಯವರು ನಿರ್ಲಕ್ಷ್ಯವೆಂದು ಭಾವಿಸುವುದುಂಟು. ಏಕೆ ಕಾಯುತ್ತಿದ್ದೇವೆ, ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು ಎಂಬುದನ್ನು ಬಿಡಿಸಿ ಹೇಳದಿದ್ದರೆ ರೋಗಿ ಬೇರೆಡೆಗೆ ಹೋಗಿ ಬೇಡದ ಔಷಧ ಪಡೆಯುವುದು ಅಥವಾ ಮತ್ತೆ ಬಾರದೇ ಇರುವುದು ಸಹಜ.

ಸ್ಟೀರಾಯ್ಡ್‌ಗಳು

ಶ್ವಾಸಕೋಶದ ಸಾರ್ಕಾಯ್ಡೋಸಿಸ್‌ಗೆ ಪ್ರೆಡ್ನಿಸೋಲೋನ್ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ 20ರಿಂದ 40 ಮಿಲಿಗ್ರಾಂ ಪ್ರಮಾಣದಲ್ಲಿ ಆರಂಭಿಸಲಾಗುತ್ತದೆ. ಒಂದರಿಂದ ಮೂರು ತಿಂಗಳಲ್ಲಿ ಪರಿಣಾಮವನ್ನು ಅಳೆಯುತ್ತಾರೆ. ಅಷ್ಟರಲ್ಲಿ ಫಲ ಕಾಣದಿದ್ದರೆ ಅದೇ ಔಷಧವನ್ನು ಇನ್ನಷ್ಟು ಕಾಲ ಮುಂದುವರಿಸುವುದರಿಂದ ಲಾಭವಾಗುವ ಸಂಭವ ಕಡಿಮೆ. ಫಲ ಕಂಡರೆ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ದಿನಕ್ಕೆ 5ರಿಂದ 10 ಮಿಲಿಗ್ರಾಂಗೆ ಇಳಿಸುತ್ತಾರೆ. ಒಟ್ಟು ಅವಧಿ ಒಂದು ವರ್ಷದಷ್ಟಾದರೂ ಇರಬೇಕೆಂಬುದು ಬಹುಕಾಲದಿಂದ ಬಂದ ಪದ್ಧತಿ.

ಆರಂಭದ ಪ್ರಮಾಣ ಎಷ್ಟಿರಬೇಕೆಂಬ ಪ್ರಶ್ನೆಗೆ ಭಾರತದಿಂದಲೇ ಒಂದು ಮುಖ್ಯ ಉತ್ತರ ದೊರೆತಿದೆ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ವೈದ್ಯರು 86 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ 40, ಇನ್ನೊಂದಕ್ಕೆ 20 ಮಿಲಿಗ್ರಾಂನಿಂದ ಪ್ರೆಡ್ನಿಸೋಲೋನ್ ಆರಂಭಿಸಿದರು. 'ಸಾರ್ಕಾರ್ಟ್' ಎಂಬ ಹೆಸರಿನ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 18 ತಿಂಗಳ ಕೊನೆಯಲ್ಲಿ ಮರುಕಳಿಕೆ ಮತ್ತು ಚಿಕಿತ್ಸೆಯ ವೈಫಲ್ಯ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಹೆಚ್ಚು ಔಷಧ ಕೊಟ್ಟರೆ ಕಾಯಿಲೆ ಹೆಚ್ಚು ದೃಢವಾಗಿ ಹೋಗುತ್ತದೆ ಎಂಬ ನಂಬಿಕೆಗೆ ಇದರಿಂದ ಬೆಂಬಲ ಸಿಗಲಿಲ್ಲ. ಈ ಫಲಿತಾಂಶ ಶ್ವಾಸಕೋಶದ ಕಾಯಿಲೆಗೆ ಸಂಬಂಧಿಸಿದ್ದು. ಹೃದಯ ಅಥವಾ ಮಿದುಳಿನ ಸಾರ್ಕಾಯ್ಡೋಸಿಸ್‌ಗೆ ಇದನ್ನು ಅನ್ವಯಿಸಲಾಗದು.

ಸ್ಟೀರಾಯ್ಡ್‌ನ ಅಡ್ಡಪರಿಣಾಮಗಳು ಎಲ್ಲರಿಗೂ ಕೇಳಿ ಗೊತ್ತಿರುವಂಥವು: ತೂಕ ಏರಿಕೆ, ಮುಖ ದುಂಡಗಾಗುವುದು, ರಕ್ತದೊತ್ತಡ, ಮಧುಮೇಹ, ಮೂಳೆ ಸವೆತ, ಕಣ್ಣಿನ ಪೊರೆ, ಗ್ಲಾಕೋಮಾ, ನಿದ್ರಾಹೀನತೆ, ಮನಃಸ್ಥಿತಿಯ ಏರಿಳಿತ, ಸೋಂಕು. ಮೊದಲೇ ಮಧುಮೇಹದ ಪ್ರವೃತ್ತಿ ಹೆಚ್ಚಿರುವ ಜನಸಮುದಾಯದಲ್ಲಿ ಇದು ಸಣ್ಣ ಮಾತಲ್ಲ. ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ ಸಹಜವಿದ್ದರೂ ಮಧ್ಯಾಹ್ನದ ಊಟದ ನಂತರದ ಸಕ್ಕರೆ ಏರುವುದು ಸ್ಟೀರಾಯ್ಡ್‌ನ ಲಕ್ಷಣ. ಆದ್ದರಿಂದ ಖಾಲಿಹೊಟ್ಟೆಯ ಪರೀಕ್ಷೆಯೊಂದನ್ನೇ ನಂಬಬಾರದು.

ಕೆಲವು ವಾರಗಳಿಗೂ ಹೆಚ್ಚು ಕಾಲ ಸ್ಟೀರಾಯ್ಡ್ ಸೇವಿಸಿದವರ ಅಡ್ರಿನಲ್ ಗ್ರಂಥಿಗಳು ತಮ್ಮ ಸ್ವಂತ ಕಾರ್ಟಿಸೋಲ್ ತಯಾರಿಕೆಯನ್ನು ತಗ್ಗಿಸಿರುತ್ತವೆ. ಇಂಥವರು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತೀವ್ರ ನಿಶ್ಶಕ್ತಿ, ವಾಂತಿ, ರಕ್ತದೊತ್ತಡದ ಕುಸಿತ ಸಂಭವಿಸಬಹುದು. ಔಷಧ ಮುಗಿದು ಅಂಗಡಿಗೆ ಹೋಗದೆ ಉಳಿದದ್ದು, ಅಡ್ಡಪರಿಣಾಮಗಳ ಭಯದಿಂದ ತಾವೇ ನಿಲ್ಲಿಸಿದ್ದು, ಬೇರೆ ಪದ್ಧತಿಯ ಚಿಕಿತ್ಸೆಗೆ ಬದಲಾದದ್ದು ಹೀಗೆ ಕಾರಣ ಯಾವುದೇ ಇದ್ದರೂ ಪರಿಣಾಮ ಒಂದೇ. ಶಸ್ತ್ರಚಿಕಿತ್ಸೆ, ಅಪಘಾತ, ತೀವ್ರ ಜ್ವರದ ಸಂದರ್ಭದಲ್ಲಿ ತಾವು ಸ್ಟೀರಾಯ್ಡ್ ಸೇವಿಸುತ್ತಿರುವುದನ್ನು ರೋಗಿಗಳು ಅಲ್ಲಿನ ವೈದ್ಯರಿಗೆ ಮೊದಲೇ ತಿಳಿಸಬೇಕು.

ಸ್ಟೀರಾಯ್ಡ್ ಹೊರೆ ತಗ್ಗಿಸುವ ಔಷಧಗಳು

ಪ್ರೆಡ್ನಿಸೋಲೋನ್‌ನ ಪ್ರಮಾಣವನ್ನು ದಿನಕ್ಕೆ 10 ಮಿಲಿಗ್ರಾಂಗಿಂತ ಕೆಳಗಿಳಿಸಲು ಆಗದವರಿಗೆ, ಅದರ ಅಡ್ಡಪರಿಣಾಮ ತಾಳಲಾರದವರಿಗೆ ಎರಡನೆಯ ಸಾಲಿನ ಔಷಧ ಸೇರಿಸಲಾಗುತ್ತದೆ. ಇವುಗಳಲ್ಲಿ ಮೆಥೋಟ್ರೆಕ್ಸೇಟ್ ಪ್ರಮುಖವಾದುದು. ಅದನ್ನು ವಾರಕ್ಕೆ 10ರಿಂದ 15 ಮಿಲಿಗ್ರಾಂ, ಜೊತೆಗೆ ಫೋಲಿಕ್ ಆಮ್ಲ ಕೊಡುತ್ತಾರೆ. ಪರಿಣಾಮ ನಿಧಾನ, ಪೂರ್ಣ ಫಲಕ್ಕೆ ಆರು ತಿಂಗಳಾದರೂ ಬೇಕಾಗಬಹುದು.

ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಸೇವಿಸುವ ಮಾತ್ರೆ. ಉಳಿದೆಲ್ಲ ಮಾತ್ರೆಗಳನ್ನು ದಿನವೂ ನುಂಗುವ ರೂಢಿಯಲ್ಲಿ ಇದನ್ನೂ ದಿನವೂ ನುಂಗಿ ಬಾಯಿಹುಣ್ಣು, ಮೂಳೆಮಜ್ಜೆಯ ಕುಸಿತ, ಸಾವಿನವರೆಗೆ ಹೋದ ಪ್ರಸಂಗಗಳು ಜಗತ್ತಿನಾದ್ಯಂತ ವರದಿಯಾಗಿವೆ. ಚೀಟಿಯಲ್ಲಿ ವಾರದ ಹೆಸರನ್ನು ರೋಗಿಗೆ ಓದಲು ಬರುವ ಭಾಷೆಯಲ್ಲೇ 'ಭಾನುವಾರ ಮಾತ್ರ' ಎಂಬಂತೆ ಸ್ಪಷ್ಟವಾಗಿ ಬರೆದುಕೊಡುವುದು, ಮನೆಯಲ್ಲಿ ಮತ್ತೊಬ್ಬರಿಗೂ ಅದನ್ನು ತಿಳಿಸುವುದು ಸರಳ ಉಪಾಯ. ಔಷಧ ನಡೆಯುವಷ್ಟು ಕಾಲ ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡಗಳ ಪರೀಕ್ಷೆ ನಿಯತವಾಗಿ ಆಗಬೇಕು, ಮದ್ಯಪಾನ ಬೇಡ. ಗರ್ಭಿಣಿಯರಿಗೆ ಈ ಔಷಧ ವರ್ಜ್ಯ.

ನೆದರ್ಲೆಂಡ್ಸ್‌ನಲ್ಲಿ ನಡೆದು 2025ರಲ್ಲಿ ಪ್ರಕಟವಾದ 'ಪ್ರೆಡ್‌ಮೆಥ್' ಅಧ್ಯಯನ ಈ ಸಾಲುಗಳ ಕ್ರಮವನ್ನೇ ಪ್ರಶ್ನಿಸಿತು. ಅದುವರೆಗೆ ಚಿಕಿತ್ಸೆ ಪಡೆಯದ, ಶ್ವಾಸಕೋಶದ ಸಾರ್ಕಾಯ್ಡೋಸಿಸ್ ಇದ್ದ 138 ರೋಗಿಗಳಲ್ಲಿ ಕೆಲವರಿಗೆ ಪ್ರೆಡ್ನಿಸೋನ್, ಉಳಿದವರಿಗೆ ಆರಂಭದಿಂದಲೇ ಮೆಥೋಟ್ರೆಕ್ಸೇಟ್ ನೀಡಿ 24 ವಾರಗಳ ನಂತರ ಶ್ವಾಸಕೋಶದ ಸಾಮರ್ಥ್ಯವನ್ನು ಹೋಲಿಸಲಾಯಿತು. ಮೆಥೋಟ್ರೆಕ್ಸೇಟ್ ಹಿಂದೆ ಬೀಳಲಿಲ್ಲ. ಪ್ರೆಡ್ನಿಸೋನ್ ಬೇಗ ಕೆಲಸ ಮಾಡಿತು, ಆದರೆ ತೂಕ ಏರಿಕೆ ಮತ್ತು ನಿದ್ರಾಭಂಗ ಅದರಲ್ಲಿ ಹೆಚ್ಚು. ಮೆಥೋಟ್ರೆಕ್ಸೇಟ್ ಗುಂಪಿನಲ್ಲಿ ವಾಕರಿಕೆ, ದಣಿವು, ಯಕೃತ್ತಿನ ಪರೀಕ್ಷೆಗಳ ವ್ಯತ್ಯಾಸ ಹೆಚ್ಚು. ಯಾವ ತೊಂದರೆಯನ್ನು ತಾವು ಸಹಿಸಬಲ್ಲೆವು ಎಂಬುದನ್ನು ರೋಗಿಗಳೂ ವೈದ್ಯರೊಡನೆ ಕುಳಿತು ನಿರ್ಧರಿಸಲು ಇದರಿಂದ ಅವಕಾಶವಾಗಿದೆ.

ಅಜಥಯೋಪ್ರಿನ್, ಮೈಕೋಫಿನೋಲೇಟ್, ಲೆಫ್ಲುನೋಮೈಡ್‌ಗಳೂ ಬಳಕೆಯಲ್ಲಿವೆ. ಅಜಥಯೋಪ್ರಿನ್ ಕೆಲವರ ದೇಹದಲ್ಲಿ ಸರಿಯಾಗಿ ವಿಭಜನೆಯಾಗದೆ ಬಿಳಿ ರಕ್ತಕಣಗಳನ್ನು ತೀವ್ರವಾಗಿ ಕುಗ್ಗಿಸುತ್ತದೆ. ಇದಕ್ಕೆ ಕಾರಣವಾಗುವ ಎನ್‌ಯುಡಿಟಿ15 ವಂಶವಾಹಿಯ ಬದಲಾವಣೆಗಳು ಏಷ್ಯಾದ ಜನರಲ್ಲಿ ಹೆಚ್ಚು. ಹೈಡ್ರಾಕ್ಸಿಕ್ಲೋರೋಕ್ವಿನ್ ಮುಖ್ಯವಾಗಿ ಚರ್ಮದ ಕಾಯಿಲೆಗೆ ಮತ್ತು ಕ್ಯಾಲ್ಸಿಯಂ ಏರಿಕೆಗೆ ಉಪಯುಕ್ತ. ಅದನ್ನು ವರ್ಷಗಟ್ಟಲೆ ಸೇವಿಸುವವರು ಅಕ್ಷಿಪಟಲದ ತಪಾಸಣೆ ಮಾಡಿಸಿಕೊಳ್ಳಬೇಕು.

ಜೈವಿಕ ಔಷಧಗಳು

ಗ್ರಾನ್ಯುಲೋಮ ಕಟ್ಟಿಕೊಳ್ಳಲು ಮತ್ತು ಉಳಿಯಲು ಟಿಎನ್‌ಎಫ್ ಎಂಬ ಉರಿಯೂತಕಾರಕ ಪ್ರೋಟೀನು ಅಗತ್ಯ. ಅದನ್ನು ತಡೆಯುವ ಇನ್‌ಫ್ಲಿಕ್ಸಿಮಾಬ್ ಮತ್ತು ಅಡಾಲಿಮುಮಾಬ್‌ಗಳು ಮೂರನೆಯ ಸಾಲಿನಲ್ಲಿ ಬರುತ್ತವೆ. ಇತರ ಔಷಧಗಳಿಗೆ ಬಗ್ಗದ ಲೂಪಸ್ ಪರ್ನಿಯೋ, ನರಮಂಡಲದ ಕಾಯಿಲೆ, ಕಣ್ಣಿನ ಒಳಪದರದ ಉರಿಯೂತಗಳಲ್ಲಿ ಇವುಗಳ ಪ್ರಯೋಜನ ಎದ್ದು ಕಾಣುತ್ತದೆ. ಶ್ವಾಸಕೋಶದ ಕಾಯಿಲೆಯಲ್ಲಿ ಲಾಭ ಅಷ್ಟು ದೊಡ್ಡದಲ್ಲ. 2006ರ ಅಧ್ಯಯನದಲ್ಲಿ ಇನ್‌ಫ್ಲಿಕ್ಸಿಮಾಬ್ ಪಡೆದವರ ಶ್ವಾಸ ಸಾಮರ್ಥ್ಯ ಸರಾಸರಿ ಶೇ. 2.5ರಷ್ಟು ಮಾತ್ರ ಸುಧಾರಿಸಿತ್ತು. ಇದೇ ಪ್ರೋಟೀನನ್ನು ಬೇರೆ ರೀತಿಯಲ್ಲಿ ತಡೆಯುವ ಎಟನರ್ಸೆಪ್ಟ್ ಮಾತ್ರ ಈ ಕಾಯಿಲೆಯಲ್ಲಿ ನಿರೀಕ್ಷಿತ ಫಲ ನೀಡಿಲ್ಲ.

ದೇಹದಲ್ಲಿ ಅಡಗಿರುವ ಕ್ಷಯಾಣುವನ್ನು ಬಂಧನದಲ್ಲಿಡುವುದೂ ಟಿಎನ್‌ಎಫ್‌ನ ಕೆಲಸವೇ. ಆದುದರಿಂದ ಈ ಔಷಧ ಕೊಡುವ ಮುನ್ನ ಸುಪ್ತ ಕ್ಷಯಕ್ಕಾಗಿ ರಕ್ತದ ಇಗ್ರಾ ಪರೀಕ್ಷೆ ಅಥವಾ ಮ್ಯಾಂಟೂ, ಎದೆಯ ಚಿತ್ರ, ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಮ್ಯಾಂಟೂ ಉಬ್ಬಿಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಸಾರ್ಕಾಯ್ಡೋಸಿಸ್ ತಾನೇ ಆ ಪರೀಕ್ಷೆಯನ್ನು ಮಂಕಾಗಿಸುತ್ತದೆ. ಬೆಲೆಯ ತೊಡಕೂ ಇದೆ. 2014ರಲ್ಲಿ ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಅಡಾಲಿಮುಮಾಬ್‌ನ ಜೈವಿಕ ಸಮಾನ ಔಷಧವನ್ನು ಮಾರುಕಟ್ಟೆಗೆ ತಂದ ಮೇಲೆ ವೆಚ್ಚ ತುಸು ಇಳಿದಿದ್ದರೂ ದೀರ್ಘಕಾಲದ ಬಳಕೆ ಸಾಮಾನ್ಯ ಕುಟುಂಬಕ್ಕೆ ಹೊರೆಯೇ.

ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ

ಸ್ಟೀರಾಯ್ಡ್ ಸೇವಿಸುವವರಿಗೆ ಮೂಳೆ ಸವೆಯದಿರಲೆಂದು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಡುವುದು ವೈದ್ಯರಿಗೆ ಅಭ್ಯಾಸವಾಗಿ ಹೋಗಿರುವ ಕ್ರಮ. ಸಾರ್ಕಾಯ್ಡೋಸಿಸ್‌ನಲ್ಲಿ ಇದೇ ಅಭ್ಯಾಸ ಹಾನಿ ಮಾಡಬಲ್ಲದು. ಆರೋಗ್ಯವಂತರಲ್ಲಿ ವಿಟಮಿನ್ ಡಿ ತನ್ನ ಕ್ರಿಯಾಶೀಲ ರೂಪಕ್ಕೆ ಬದಲಾಗುವುದು ಮುಖ್ಯವಾಗಿ ಮೂತ್ರಪಿಂಡದಲ್ಲಿ, ದೇಹಕ್ಕೆ ಬೇಕಾದಷ್ಟೇ ಪ್ರಮಾಣದಲ್ಲಿ. ಸಾರ್ಕಾಯ್ಡೋಸಿಸ್‌ನಲ್ಲಿ ಗ್ರಾನ್ಯುಲೋಮದೊಳಗಿನ ಜೀವಕೋಶಗಳೂ ಈ ಕೆಲಸವನ್ನು ಮಾಡತೊಡಗುತ್ತವೆ, ಅವುಗಳಿಗೆ ಲಗಾಮು ಇರುವುದಿಲ್ಲ. ಫಲವಾಗಿ ಕರುಳು ಆಹಾರದಿಂದ ಅತಿಯಾಗಿ ಕ್ಯಾಲ್ಸಿಯಂ ಹೀರುತ್ತದೆ. ರಕ್ತದಲ್ಲಿ, ಅದಕ್ಕಿಂತ ಹೆಚ್ಚಾಗಿ ಮೂತ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮಂಕುತನ, ಮೂತ್ರಪಿಂಡದ ಕಲ್ಲು, ಕೊನೆಗೆ ಮೂತ್ರಪಿಂಡದ ವೈಫಲ್ಯ ಇದರ ಪರಿಣಾಮಗಳು.

ಇಂಥ ರೋಗಿಗಳ ರಕ್ತದಲ್ಲಿ ಸಾಮಾನ್ಯವಾಗಿ ಅಳೆಯುವ 25-ಹೈಡ್ರಾಕ್ಸಿ ವಿಟಮಿನ್ ಡಿ ಕಡಿಮೆ ಇರುವುದುಂಟು, ಏಕೆಂದರೆ ಅದು ಬೇಗ ಬೇಗ ಕ್ರಿಯಾಶೀಲ ರೂಪಕ್ಕೆ ಪರಿವರ್ತನೆಯಾಗಿ ಖರ್ಚಾಗಿರುತ್ತದೆ. ವರದಿಯಲ್ಲಿ 'ಕೊರತೆ' ಎಂಬುದನ್ನು ಕಂಡು, ನಮ್ಮಲ್ಲಿ ಸುಲಭವಾಗಿ ದೊರೆಯುವ 60,000 ಯೂನಿಟ್‌ಗಳ ವಿಟಮಿನ್ ಡಿ ಪೊಟ್ಟಣವನ್ನು ವಾರಕ್ಕೊಂದರಂತೆ ಸೇವಿಸಿದರೆ ಕ್ಯಾಲ್ಸಿಯಂ ಅಪಾಯದ ಮಟ್ಟ ಮುಟ್ಟಬಹುದು. ಪೂರಕ ಆರಂಭಿಸುವ ಮುನ್ನ ರಕ್ತದ ಕ್ಯಾಲ್ಸಿಯಂ ಹಾಗೂ ವಿಟಮಿನ್ ಡಿಯ ಎರಡೂ ರೂಪಗಳನ್ನು ಅಳೆಯುವುದು ಸರಿಯಾದ ಕ್ರಮ. ಕ್ಯಾಲ್ಸಿಯಂ ಏರಿರುವವರು ಧಾರಾಳವಾಗಿ ನೀರು ಕುಡಿಯಬೇಕು, ದೀರ್ಘಕಾಲ ಬಿಸಿಲಿಗೆ ಮೈಯೊಡ್ಡಬಾರದು, ಹಾಲಿನ ಪದಾರ್ಥ ಮತ್ತು ರಾಗಿಯಂಥ ಕ್ಯಾಲ್ಸಿಯಂ ಸಮೃದ್ಧ ಆಹಾರವನ್ನು ವೈದ್ಯರ ಸಲಹೆಯಂತೆ ಮಿತಗೊಳಿಸಬೇಕು. ಕ್ಯಾಲ್ಸಿಯಂ ಸಹಜವಾಗಿರುವ ರೋಗಿಗಳು ಹೆದರಿ ಮುದ್ದೆ, ಮೊಸರು ಬಿಡಬೇಕಾಗಿಲ್ಲ.

ಹೃದಯ, ಕಣ್ಣು ಮತ್ತು ಇತರ ಅಂಗಗಳು

ಹೃದಯದ ಸಾರ್ಕಾಯ್ಡೋಸಿಸ್ ಅಲ್ಪ ಪ್ರಮಾಣದ ರೋಗಿಗಳಲ್ಲಿ ಕಾಣುತ್ತದೆ, ಆದರೆ ಸಾವಿನ ಲೆಕ್ಕದಲ್ಲಿ ಅದರ ಪಾಲು ದೊಡ್ಡದು. ಜಪಾನಿನಲ್ಲಿ ಈ ಕಾಯಿಲೆಯಿಂದಾಗುವ ಸಾವಿಗೆ ಅದೇ ಪ್ರಮುಖ ಕಾರಣ. ಎದೆಬಡಿತದ ಏರುಪೇರು, ತಲೆಸುತ್ತಿ ಪ್ರಜ್ಞೆ ತಪ್ಪುವುದು ಮುಖ್ಯ ಸೂಚನೆಗಳು. ಮಧ್ಯವಯಸ್ಸಿಗೂ ಮೊದಲೇ ಹೃದಯದ ವಿದ್ಯುತ್ ಮಾರ್ಗ ಪೂರ್ಣ ತಡೆಗೊಂಡು ಪೇಸ್‌ಮೇಕರ್ ಬೇಕಾದಾಗ ಅದರ ಹಿಂದೆ ಸಾರ್ಕಾಯ್ಡೋಸಿಸ್ ಇರಬಹುದೇ ಎಂದು ಹುಡುಕಬೇಕು. ಎಂಆರ್‌ಐ ಮತ್ತು ಪೆಟ್ ಸ್ಕ್ಯಾನ್‌ಗಳು ರೋಗನಿರ್ಣಯಕ್ಕೂ ಚಿಕಿತ್ಸೆಯ ಫಲ ಅಳೆಯುವುದಕ್ಕೂ ನೆರವಾಗುತ್ತವೆ. ಪೆಟ್ ಸ್ಕ್ಯಾನ್‌ಗೆ ಮುನ್ನ ಪಿಷ್ಟ ಮತ್ತು ಸಕ್ಕರೆ ಇಲ್ಲದ, ಕೊಬ್ಬು ಹೆಚ್ಚಿರುವ ಆಹಾರ ಸೇವಿಸಿ ನಂತರ ದೀರ್ಘ ಉಪವಾಸ ಇರಬೇಕಾಗುತ್ತದೆ. ಅನ್ನ, ಚಪಾತಿ, ಕಾಫಿಯ ಸಕ್ಕರೆ ಯಾವುದೂ ಕೂಡದು. ಇದನ್ನು ಪಾಲಿಸದಿದ್ದರೆ ಆರೋಗ್ಯವಂತ ಹೃದಯಸ್ನಾಯುವೂ ಚಿತ್ರದಲ್ಲಿ ಬೆಳಗಿ ಪರೀಕ್ಷೆಯೇ ನಿರರ್ಥಕವಾಗುತ್ತದೆ. ಸ್ಟೀರಾಯ್ಡ್ ಮತ್ತು ಮೆಥೋಟ್ರೆಕ್ಸೇಟ್ ಜೊತೆಗೆ, ಹಠಾತ್ ಸಾವಿನ ಅಪಾಯವಿರುವವರಿಗೆ ಎದೆಯೊಳಗೆ ಡಿಫಿಬ್ರಿಲೇಟರ್ ಸಾಧನ ಅಳವಡಿಸಲಾಗುತ್ತದೆ.

ಕಣ್ಣಿನ ಉರಿಯೂತ ಕೆಂಪು, ನೋವು, ಬೆಳಕು ಸಹಿಸದಿರುವಿಕೆಯೊಂದಿಗೆ ಬರಬಹುದು. ಏನೂ ತಿಳಿಯದಂತೆಯೂ ಬರಬಹುದು. ಅದಕ್ಕಾಗಿಯೇ ಯಾವ ತೊಂದರೆ ಇಲ್ಲದಿದ್ದರೂ ಪ್ರತಿಯೊಬ್ಬ ರೋಗಿಗೂ ಆರಂಭದಲ್ಲಿ ಒಮ್ಮೆ ಕಣ್ಣಿನ ಪೂರ್ಣ ತಪಾಸಣೆ ಆಗಬೇಕೆಂದು 2020ರ ಅಮೆರಿಕದ ಮಾರ್ಗಸೂಚಿ ಸಲಹೆ ನೀಡಿದೆ. ಮುಂಭಾಗದ ಉರಿಯೂತಕ್ಕೆ ಹನಿಗಳು ಸಾಕಾಗಬಹುದು, ಹಿಂಭಾಗದ್ದಕ್ಕೆ ಮಾತ್ರೆ ಅಥವಾ ಜೈವಿಕ ಔಷಧ ಬೇಕಾಗುತ್ತದೆ. ನರಮಂಡಲದ ಕಾಯಿಲೆಯಲ್ಲಿ ಮುಖದ ಒಂದು ಬದಿಯ ಪಾರ್ಶ್ವವಾಯು ಹೆಚ್ಚಾಗಿ ಚೆನ್ನಾಗಿ ಗುಣವಾಗುತ್ತದೆ. ಮಿದುಳು ಮತ್ತು ಬೆನ್ನುಹುರಿಯ ಒಳಗಿನದು ಹಟಮಾರಿ. ಚರ್ಮದ ಸಣ್ಣ ಗಂಟುಗಳಿಗೆ ಲೇಪನ ಇಲ್ಲವೇ ಗಂಟಿನೊಳಗೇ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಬಳಸುತ್ತಾರೆ.

ಅನುಸರಣೆಯ ಕ್ರಮ

ರೋಗ ಪತ್ತೆಯಾದಾಗಲೇ ಸ್ಪೈರೋಮೆಟ್ರಿ, ಅನಿಲ ವಿನಿಮಯದ ಪರೀಕ್ಷೆ, ಎದೆಯ ಚಿತ್ರ, ಇಸಿಜಿ, ಕಣ್ಣಿನ ತಪಾಸಣೆ, ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ ಮತ್ತು ಯಕೃತ್ತಿನ ಪರೀಕ್ಷೆಗಳ ಆರಂಭಿಕ ದಾಖಲೆ ಇರಬೇಕು. ಮುಂದಿನ ವರ್ಷಗಳಲ್ಲಿ ಬರುವ ಯಾವ ಅಂಕಿಗೂ ಅರ್ಥ ಬರುವುದು ಇವುಗಳ ಜೊತೆ ಹೋಲಿಸಿದಾಗ. ಹಳೆಯ ಕ್ಷ-ಕಿರಣ ಚಿತ್ರಗಳನ್ನು ಎಸೆಯದೆ ಒಂದು ಕಡತದಲ್ಲಿ ಇಟ್ಟುಕೊಳ್ಳುವುದು, ಊರು ಅಥವಾ ವೈದ್ಯರು ಬದಲಾದಾಗ ಅದನ್ನು ಕೊಂಡೊಯ್ಯುವುದು ರೋಗಿ ತನಗೆ ತಾನೇ ಮಾಡಿಕೊಳ್ಳಬಹುದಾದ ಉಪಕಾರ.

ಮೊದಲ ಹಂತದಲ್ಲಿ ಆರು ತಿಂಗಳಿಗೊಮ್ಮೆ, ಉಳಿದ ಹಂತಗಳಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಭೇಟಿ ನಿಗದಿಪಡಿಸುವುದು ವಾಡಿಕೆ. ಪ್ರತಿ ಭೇಟಿಯಲ್ಲೂ ಸಿಟಿ ಸ್ಕ್ಯಾನ್ ಬೇಕಿಲ್ಲ. ಸ್ಪೈರೋಮೆಟ್ರಿಯಲ್ಲಿ ಅಳೆಯುವ ಶ್ವಾಸ ಸಾಮರ್ಥ್ಯ ಮತ್ತು ರೋಗಿಯ ಮಾತೇ ಹೆಚ್ಚು ನಂಬಿಕೆಗೆ ಅರ್ಹ. ಸೀರಮ್ ಎಸಿಇ ಎಂಬ ರಕ್ತಪರೀಕ್ಷೆಯನ್ನು ಪದೇ ಪದೇ ಮಾಡಿಸುವ ರೂಢಿ ಹಲವೆಡೆ ಇದೆ. ಅದರ ಮಟ್ಟ ಇಳಿದರೂ ಕಾಯಿಲೆ ಮುಂದುವರಿದಿರಬಹುದು, ಏರಿದರೂ ಚಿಕಿತ್ಸೆಯ ಅಗತ್ಯ ಇಲ್ಲದಿರಬಹುದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಆ ಮಟ್ಟವನ್ನು ಕೃತಕವಾಗಿ ಇಳಿಸುತ್ತವೆ. ಆ ಒಂದು ಅಂಕಿಯನ್ನು ನೋಡಿ ಔಷಧದ ಪ್ರಮಾಣ ಬದಲಿಸುವುದು ಸಲ್ಲದು.

ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಪಡೆಯುವವರಿಗೆ ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆಗಳನ್ನು ಸೂಚಿಸಲಾಗುತ್ತದೆ. ಜೀವಂತ ರೋಗಾಣುಗಳಿರುವ ಲಸಿಕೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಚಿಕಿತ್ಸೆ ಪಡೆಯುತ್ತಿರುವ ರೋಗಿಯಲ್ಲಿ ಹೊಸದಾಗಿ ಜ್ವರ, ಕೆಮ್ಮು, ತೂಕ ಇಳಿಕೆ ಕಂಡರೆ ಅದನ್ನು ಸಾರ್ಕಾಯ್ಡೋಸಿಸ್ ಮರಳಿತೆಂದು ಊಹಿಸಿ ಸ್ಟೀರಾಯ್ಡ್ ಹೆಚ್ಚಿಸುವುದಕ್ಕೆ ಮೊದಲು ಕಫವನ್ನು ಕ್ಷಯಕ್ಕಾಗಿ ಪರೀಕ್ಷಿಸಬೇಕು.

ಗರ್ಭಾವಸ್ಥೆಯಲ್ಲಿ ಕಾಯಿಲೆ ಹಲವರಲ್ಲಿ ತಣ್ಣಗಾಗುತ್ತದೆ, ಹೆರಿಗೆಯ ನಂತರ ಮತ್ತೆ ತಲೆಯೆತ್ತಬಹುದು. ಬಾಣಂತಿಯ ಆಯಾಸವೆಂದು ಎಲ್ಲವನ್ನೂ ಬದಿಗಿಡುವ ಆ ತಿಂಗಳುಗಳಲ್ಲಿಯೇ ಒಂದು ತಪಾಸಣೆ ಅಗತ್ಯ. ಮೆಥೋಟ್ರೆಕ್ಸೇಟ್, ಮೈಕೋಫಿನೋಲೇಟ್, ಲೆಫ್ಲುನೋಮೈಡ್ ಪಡೆಯುತ್ತಿರುವವರು ಗರ್ಭಧಾರಣೆಗೆ ಸಾಕಷ್ಟು ಮೊದಲೇ ಔಷಧ ಬದಲಾಯಿಸಿಕೊಳ್ಳಬೇಕು.

ಮರುಕಳಿಕೆ

ತಾನಾಗಿಯೇ ಶಮನಗೊಂಡ ಕಾಯಿಲೆ ಮರಳುವುದು ವಿರಳ. 1999ರ ಹೇಳಿಕೆಯಲ್ಲಿ ಅದರ ಪ್ರಮಾಣ ಶೇ. 2ರಿಂದ 8. ಸ್ಟೀರಾಯ್ಡ್‌ನಿಂದ ಶಮನಗೊಂಡುದರಲ್ಲಿ ಅದು ಬಹಳ ಹೆಚ್ಚು, ಬೇರೆ ಬೇರೆ ಅಧ್ಯಯನಗಳಲ್ಲಿ ಶೇ. 14ರಿಂದ 74. ಇದಕ್ಕೆ ಔಷಧವೇ ಕಾರಣವೋ ಅಥವಾ ಕಾಯಿಲೆ ಮೊದಲಿನಿಂದಲೇ ಹಟಮಾರಿಯಾಗಿದ್ದವರಿಗೆ ಮಾತ್ರ ಔಷಧ ಕೊಟ್ಟಿದ್ದು ಕಾರಣವೋ ಎಂಬ ವಾದ ಹಳೆಯದು. ಮರುಕಳಿಕೆಗಳು ಹೆಚ್ಚಾಗಿ ಔಷಧ ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತವೆ. ಹೀಗಾಗಿ ಔಷಧ ನಿಂತ ಮೇಲೆ ಕನಿಷ್ಠ ಮೂರು ವರ್ಷ ಅನುಸರಣೆ ಇರಬೇಕೆಂದು ಸೂಚಿಸಲಾಗಿದೆ. ಹೃದಯ, ನರಮಂಡಲ, ಕಣ್ಣಿನ ಕಾಯಿಲೆ ಇದ್ದವರಿಗೆ ಮತ್ತು ಶ್ವಾಸಕೋಶ ಗಡಸಾದವರಿಗೆ ಅದು ಜೀವನಪರ್ಯಂತ. ಮರುಕಳಿಕೆ ಮೊದಲಿದ್ದ ಅಂಗದಲ್ಲೇ ಆಗಬೇಕೆಂದಿಲ್ಲ. ಶ್ವಾಸಕೋಶದ ಕಾಯಿಲೆಯಿಂದ ಗುಣವಾದವರಿಗೆ ಕೆಲವು ವರ್ಷಗಳ ನಂತರ ಎದೆ ಬಡಿತ ತಪ್ಪಿದರೆ ಹೃದ್ರೋಗ ತಜ್ಞರಿಗೆ ಹಳೆಯ ಕಾಯಿಲೆಯ ಹೆಸರನ್ನು ಹೇಳಲೇಬೇಕು.

ದಣಿವು

ಪರೀಕ್ಷೆಗಳೆಲ್ಲ ಸಹಜವಾದ ಮೇಲೂ ರೋಗಿಯನ್ನು ಬಿಡದ ಲಕ್ಷಣ ದಣಿವು. ನಿದ್ರೆಯಿಂದ ನೀಗದ, ಮಧ್ಯಾಹ್ನದ ಹೊತ್ತಿಗೇ ಕೈಚೆಲ್ಲುವಂಥ ಈ ಆಯಾಸ ಗ್ರಾನ್ಯುಲೋಮಗಳು ಕರಗಿದ ನಂತರವೂ ವರ್ಷಗಟ್ಟಲೆ ಉಳಿಯಬಹುದು. ಕೈಕಾಲುಗಳಲ್ಲಿ ಉರಿ, ಚುಚ್ಚಿದಂಥ ನೋವು ತರುವ ಸಣ್ಣ ನರತಂತುಗಳ ತೊಂದರೆಯೂ ಅಂಥದೇ. ಯಾವ ವರದಿಯಲ್ಲೂ ಕಾಣದ ಕಾರಣ ಮನೆಯಲ್ಲಿ, ಕೆಲಸದ ಜಾಗದಲ್ಲಿ ಇದನ್ನು ಸೋಮಾರಿತನವೆಂದೋ ಮನಸ್ಸಿನ ಕಾಯಿಲೆಯೆಂದೋ ಕರೆಯುವುದುಂಟು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಮಧುಮೇಹ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ, ಖಿನ್ನತೆ ಇಲ್ಲವೆಂದು ಖಚಿತಪಡಿಸಿಕೊಂಡ ನಂತರ ಮೇಲ್ವಿಚಾರಣೆಯ ವ್ಯಾಯಾಮ ಕ್ರಮವನ್ನು ಆರಂಭಿಸಬೇಕು. 2021ರ ಯುರೋಪಿನ ಮಾರ್ಗಸೂಚಿ ಇದಕ್ಕೆ ಆರರಿಂದ ಹನ್ನೆರಡು ವಾರಗಳ ಅವಧಿ ಸೂಚಿಸಿದೆ. ದಣಿವಿಗಾಗಿ ಸ್ಟೀರಾಯ್ಡ್ ಹೆಚ್ಚಿಸುವುದರಿಂದ ತೂಕ ಏರಿ ದಣಿವು ಮತ್ತಷ್ಟು ಬೆಳೆಯುತ್ತದೆ.

ಮುಂದುವರಿದ ಕಾಯಿಲೆ

ಶ್ವಾಸಕೋಶ ಗಡಸಾದ ಹಂತದಲ್ಲಿ ಉರಿಯೂತ ತಗ್ಗಿಸುವ ಔಷಧಗಳಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಇಲ್ಲಿ ಕಾದಿರುವ ಎರಡು ತೊಡಕುಗಳನ್ನು ಬೇಗ ಗುರುತಿಸಬೇಕು. ಒಂದು, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವುದು. ನಡೆದಾಗ ಉಸಿರಾಟದ ತೊಂದರೆ ಸ್ಪೈರೋಮೆಟ್ರಿಯ ಅಂಕಿಗಳು ಹೇಳುವುದಕ್ಕಿಂತ ಹೆಚ್ಚಿದ್ದರೆ ಎಕೋ ಪರೀಕ್ಷೆ ಮಾಡಿಸಬೇಕು. ಇನ್ನೊಂದು, ಶ್ವಾಸಕೋಶದಲ್ಲಿ ಉಂಟಾದ ಟೊಳ್ಳುಗಳಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಉಂಡೆಗಟ್ಟಿ ಬೆಳೆಯುವುದು. ಇದರಿಂದ ಕಫದಲ್ಲಿ ರಕ್ತ ಬರುತ್ತದೆ, ಕೆಲವೊಮ್ಮೆ ಪ್ರಾಣಾಪಾಯದ ಪ್ರಮಾಣದಲ್ಲಿ. ಮನೆಯಲ್ಲಿ ಆಮ್ಲಜನಕ, ಉಸಿರಾಟದ ಪುನಶ್ಚೇತನ, ಸೋಂಕುಗಳ ಶೀಘ್ರ ಚಿಕಿತ್ಸೆ ಈ ಹಂತದ ಆಧಾರಗಳು.

ಆಯ್ದ ರೋಗಿಗಳಿಗೆ ಶ್ವಾಸಕೋಶದ ಕಸಿ ಮಾಡಲಾಗುತ್ತದೆ. ಕಸಿ ಮಾಡಿದ ಹೊಸ ಶ್ವಾಸಕೋಶದಲ್ಲೂ ಗ್ರಾನ್ಯುಲೋಮಗಳು ಮತ್ತೆ ಮೂಡುವುದನ್ನು ವೈದ್ಯರು ಕಂಡಿದ್ದಾರೆ. ಆದರೆ ಕಸಿಯ ನಂತರ ಕೊಡುವ ಪ್ರತಿರಕ್ಷಣಾ ನಿಗ್ರಹ ಔಷಧಗಳ ನಡುವೆ ಅವು ಹೆಚ್ಚಾಗಿ ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವಂಥವು. ರೋಗಿಯ ಉಸಿರಿಗೆ ಅವುಗಳಿಂದ ತೊಂದರೆಯಾಗುವುದು ಅಪರೂಪ.